ದೇವದುರ್ಗ ಆರಾಮ ಅದ

ಸೋಮವಾರ ಬೆಳಿಗ್ಗೆ ವಿಶ್ವೇಶ ಸರ್ ಫೋನ್ ಬಂದಾಗ ನಾನು ಬಾಯಲ್ಲಿ ಬ್ರಷ್ ಇಟ್ಟುಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದೆ. ಏಳು ಗಂಟೆಯಾಗುತ್ತ ಬಂದಿತ್ತು.

“ಸಂಘಮಿತ್ರಾ, ದೇವದುರ್ಗ ಡೌನ್ ಆಗಿದೆ. ಆರೂ ಹತ್ತರಿಂದ ಕೆಂಪು ತೋರಿಸುತ್ತಿದೆ. ಸ್ವಲ್ಪ ನೋಡುತ್ತೀರಾ?”

ನಾನಿರುವುದು ರಾಯಚೂರಿನಲ್ಲಿ. ಅವರು ಮಾನ್ವಿಯಲ್ಲಿರುತ್ತಾರೆ, ನನಗೆ ಮೇಲಿನವರು. ಫೋನಿನಲ್ಲಿ ಅವರು ಮಾತಾಡಿದರೆ ಪತ್ರ ಓದಿದ ಹಾಗಿರುತ್ತದೆ. ಒಂದಕ್ಷರವೂ ಜಾಗ ಬಿಟ್ಟು ಕದಲುವುದಿಲ್ಲ. ತಂದೆ ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದರಂತೆ. ನಾನು ಅವರ ಕೈಕೆಳಗೆ ಸೇರಿ ಎಂಟು ತಿಂಗಳಾಯಿತು. ‘ಹೌದು ಸರ್’, ‘ಆಯ್ತು ಸರ್’ ಬಿಟ್ಟು ಮೂರನೆಯ ವಾಕ್ಯ ಆಡಿದ್ದು ಬೆರಳೆಣಿಕೆಯಷ್ಟು ಸಲ. ಅವತ್ತು ಬ್ರಷ್ ಬೇರೆ ಇತ್ತು. “ಹೂಂ” ಎಂದೆ.

ನಾವು ಕೆಲಸ ಮಾಡುವುದು ಒಂದು ಟ್ರಸ್ಟಿನ ಡಯಾಲಿಸಿಸ್ ಕೇಂದ್ರಗಳಿಗಾಗಿ. ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಕೂಡಿ ಹದಿನಾಲ್ಕು ಮಷೀನು. ಯಾವ ರೋಗಿ ಯಾವ ದಿನ ಯಾವ ಊರಿನ ಯಾವ ಮಷೀನಿಗೆ ಬರಬೇಕು ಎಂದು ನಮ್ಮ ಸಾಫ್ಟ್‌ವೇರ್ ಹೇಳುತ್ತದೆ. ಪ್ರತಿ ಕೇಂದ್ರದಲ್ಲೂ ಊಟದ ಡಬ್ಬಿಯಷ್ಟು ದೊಡ್ಡ ಒಂದು ಕಂಪ್ಯೂಟರ್. ಅದರೊಳಗೆ ಸಣ್ಣ ಸಣ್ಣ ಸರ್ವಿಸ್‌ಗಳು: ಒಂದು ಮಷೀನುಗಳನ್ನು ನೋಡಿಕೊಳ್ಳುತ್ತದೆ, ಒಂದು ಸರದಿ ಹಚ್ಚುತ್ತದೆ, ಒಂದು ರೋಗಿಗಳಿಗೆ ಮೆಸೇಜು ಕಳಿಸುತ್ತದೆ. ಇವು ಒಂದರ ಜೊತೆ ಒಂದು ನೇರ ಮಾತಾಡುವುದಿಲ್ಲ. ಪ್ರತಿಯೊಂದರ ಬಾಗಿಲಲ್ಲೂ ಒಂದು ಕಾವಲಿದೆ. ಮಾತೆಲ್ಲ ಕಾವಲುಗಾರರ ನಡುವೆ ನಡೆಯುತ್ತದೆ. ಇಂಥ ವ್ಯವಸ್ಥೆಗೆ ಸರ್ವಿಸ್ ಮೆಶ್ ಎನ್ನುತ್ತಾರೆ. ನಾವು ಜಾಲ ಎನ್ನುತ್ತೇವೆ. ಕಾಲೇಜಿನಲ್ಲಿ ಇದನ್ನು ಓದಿದಾಗಲೇ ನನಗೆ ಹಿಡಿಸಿತ್ತು. ನನ್ನ ಪರವಾಗಿ ಮಾತಾಡುವ ಕಾವಲೊಂದು ನನಗೂ ಇದ್ದಿದ್ದರೆ ಎಷ್ಟು ಚೆಂದ ಅನ್ನಿಸಿತ್ತು.

ಈ ಜಾಲದಲ್ಲಿ ನನ್ನ ಪಾಲಿಗೆ ಬಂದದ್ದು ಹೆಲ್ತ್ ಚೆಕ್. ಕೇಂದ್ರಗಳು ತೆರೆದಿರುವ ಹೊತ್ತಿನಲ್ಲಿ ರಾಯಚೂರಿನ ಕಾವಲು ಹತ್ತು ಸೆಕೆಂಡಿಗೊಮ್ಮೆ ಉಳಿದೆರಡು ಊರುಗಳ ಸರ್ವಿಸ್‌ಗಳನ್ನು ‘ಹೇಗಿದ್ದೀ?’ ಎಂದು ಕೇಳುತ್ತದೆ. ಸರಿಯಾದ ಉತ್ತರ ಬಂದರೆ ಹಸಿರು. ಸತತ ಮೂರು ಸಲ ಬರದಿದ್ದರೆ ಆ ಊರು ಸತ್ತಿದೆ ಎಂದು ತಿಳಿದು ಜಾಲದಿಂದ ಹೊರಗಿಡುತ್ತದೆ, ಅಲ್ಲಿಯ ರೋಗಿಗಳ ಸರದಿಯನ್ನು ಬೇರೆ ಊರಿಗೆ ಹಚ್ಚುತ್ತದೆ. ಎಷ್ಟು ಹೊತ್ತಿಗೊಮ್ಮೆ ಕೇಳಬೇಕು, ಎಷ್ಟು ಹೊತ್ತು ಕಾಯಬೇಕು, ಯಾವುದನ್ನು ಸರಿಯಾದ ಉತ್ತರ ಎನ್ನಬೇಕು, ಎಲ್ಲ ಬರೆದವಳು ನಾನೇ.

ಬಾಯಿ ಮುಕ್ಕಳಿಸಿ ಲ್ಯಾಪ್‌ಟಾಪ್ ತೆರೆದೆ. ದೇವದುರ್ಗ ಕೆಂಪಗಿತ್ತು. ಅಲ್ಲಿಯ ಟೆಕ್ನಿಶಿಯನ್ ತಾಯಣ್ಣನಿಗೆ ಫೋನ್ ಹಚ್ಚಿದೆ. ತಾಯಣ್ಣನ ಜೊತೆ ನನಗೆ ಮಾತು ತಡವರಿಸುವುದಿಲ್ಲ. ಅವನೇ ಎರಡೂ ಕಡೆಯದನ್ನು ಆಡಿಬಿಡುತ್ತಾನೆ.

“ತಾಯಣ್ಣ, ಅಲ್ಲಿ ಕರೆಂಟ್ ಹೋಗ್ಯದೇನು?”

“ಕರೆಂಟ್ ಫಸ್ಟ್‌ಕ್ಲಾಸ್ ಅದ ಮೇಡಂ. ನೀರು ಅದ. ನಾಕೂ ಮಷೀನ್ ತೊಳ್ದು ತಯಾರ್ ಮಾಡೀನಿ. ನಾನೂ ಅದೀನಿ.”

“ಇಲ್ಲಿ ನೀವು ಸತ್ತೀರಿ ಅಂತ ತೋರ್ಸಾಕತ್ತದ.”

“ಯವ್ವಾ! ಸೋಮವಾರ ಮುಂಜಾನೆ ಎಂಥ ಮಾತ್ರಿ ಇದು? ನನ್ನ ಹೇಣ್ತಿ ಕೇಳಿದ್ರ ಊದಿನಕಡ್ಡಿ ಹಚ್ಚಿಬಿಡ್ತಾಳ. ಏನೂ ಆಗಿಲ್ರಿ. ದೇವದುರ್ಗ ಆರಾಮ ಅದ ಅಂತ ಬರ್ಕೋರಿ. ಆರಾಮ ಅದ.”

ಆರಾಮ ಅದ.

ಫೋನ್ ಇಟ್ಟು ತಲೆದಿಂಬಿನ ಪಕ್ಕದಲ್ಲಿದ್ದ ಡೈರಿ ತೆಗೆದೆ. ನಾನು ಬಾಯಿಂದ ಆಡದ್ದನ್ನೆಲ್ಲ ಅದರಲ್ಲಿ ಬರೆಯುತ್ತೇನೆ. ಶನಿವಾರದ ಪುಟದಲ್ಲಿ ನನ್ನದೇ ಅಕ್ಷರ:

‘ಅದ’ ತೆಗೆದು ‘ಇದೆ’ ಮಾಡಿದೆ. ರಾಯಚೂರು, ಮಾನ್ವಿ ಮುಗಿಯಿತು. ದೇವದುರ್ಗದ ಡಬ್ಬಿ ಬಂದ್ ಆಗಿತ್ತು, ತಾಯಣ್ಣ ಬೀಗ ಹಾಕಿಕೊಂಡು ಹೋಗಿದ್ದಾನೆ. ಸೋಮವಾರ ಡಬ್ಬಿ ಚಾಲೂ ಆದ ಕೂಡಲೇ ಅಲ್ಲಿಯೂ ಹಾಕಬೇಕು. ಮರೆಯಬಾರದು.

‘ಮರೆಯಬಾರದು’ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದೆ. ಭಾನುವಾರ ಅವ್ವನ ಜೊತೆ ಚೀಕಲಪರ್ವಿಯ ಚಿಕ್ಕಮ್ಮನ ಮನೆಗೆ ಹೋಗಿ, ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತು, ಜೋಳದ ರೊಟ್ಟಿ ಉಂಡು, ಬಸ್ಸಿನಲ್ಲಿ ತೂಕಡಿಸಿ ಬಂದು ಮಲಗಿದವಳು ಸಂಪೂರ್ಣ ಮರೆತಿದ್ದೆ.

ಸಂಗತಿ ಇಷ್ಟು. ಬೇಸಿಗೆಯಲ್ಲಿ ಒಮ್ಮೆ ದೇವದುರ್ಗದ ಇಂಟರ್ನೆಟ್ ಪೆಟ್ಟಿಗೆ ಕೆಟ್ಟಿತ್ತು. ನಮ್ಮ ಕಾವಲು ‘ಹೇಗಿದ್ದೀ?’ ಎಂದು ಕೇಳಿದರೆ ನಮ್ಮ ಸರ್ವಿಸ್ಸಿನ ಬದಲು ಆ ಪೆಟ್ಟಿಗೆಯೇ ಅಡ್ಡ ಬಾಯಿ ಹಾಕಿ ‘ಸರಿ’ ಎನ್ನುತ್ತಿತ್ತು. ಅರ್ಧ ದಿನ ನಾವು ಹಸಿರು ನೋಡುತ್ತ ಕೂತೆವು, ಅಲ್ಲಿ ಎಲ್ಲ ನಿಂತಿತ್ತು. ಆಮೇಲೆ ನಾನು, ಬರೀ ‘ಸರಿ’ ಸಾಲದು, ನಮ್ಮವರಿಗೆ ಮಾತ್ರ ಗೊತ್ತಿರುವ ಮಾತೊಂದನ್ನು ಹೇಳಬೇಕು ಎಂದು ನಿಯಮ ಬರೆದೆ. ಯಾವ ಮಾತು? ಆ ಹೊತ್ತಿಗೆ ಬೆರಳ ತುದಿಗೆ ಬಂದದ್ದು ‘ಆರಾಮ ಅದ’. ನಮ್ಮ ಮನೆಯಲ್ಲಿ, ನಮ್ಮ ಓಣಿಯಲ್ಲಿ, ಯಾರು ಹೇಗಿದ್ದೀ ಎಂದರೂ ಬರುವ ಉತ್ತರ. ಯಾರೂ ನೋಡದ ಜಾಗ, ಇರಲಿ ಬಿಡು ಅಂದುಕೊಂಡೆ.

ಶನಿವಾರ ಸಂಜೆ ವಿಶ್ವೇಶ ಸರ್ ಹೇಳಿದರು, ಸೋಮವಾರ ಹನ್ನೊಂದಕ್ಕೆ ಟ್ರಸ್ಟಿನ ಡಾಕ್ಟರು ರಾಯಚೂರಿಗೆ ಬರುತ್ತಾರೆ, ಗೋಡೆಯ ಮೇಲಿನ ಪರದೆಯಲ್ಲಿ ಮೂರೂ ಊರು ತೋರಿಸಬೇಕು ಎಂದು. ಪರದೆ ಹಚ್ಚಿ ನೋಡಿದರೆ ಒಂದೊಂದು ಊರಿನ ಹೆಸರಿನ ಕೆಳಗೂ ಅದು ಕೊಟ್ಟ ಉತ್ತರ ಕಾಣುತ್ತಿತ್ತು. ದೇವದುರ್ಗ: ಆರಾಮ ಅದ. ಮಾನ್ವಿ: ಆರಾಮ ಅದ. ನನಗೆ ಕಿವಿ ಬಿಸಿಯಾದವು. ಡಿಗ್ರಿಯ ಎರಡನೆಯ ವರ್ಷದ ಸೆಮಿನಾರಿನಲ್ಲಿ ನಾನು ‘ಸರ್ವರ್ ಚಾಲೂ ಅದ’ ಎಂದಿದ್ದಕ್ಕೆ ಕ್ಲಾಸಿನವರು ಒಂದು ತಿಂಗಳು ನನ್ನನ್ನು ‘ಚಾಲೂ ಅದ’ ಎಂದೇ ಕರೆದಿದ್ದರು. ಡಾಕ್ಟರ ಮುಂದೆ, ಅದಕ್ಕಿಂತ ವಿಶ್ವೇಶ ಸರ್ ಮುಂದೆ, ಅದು ಬೇಡವೆಂದು ಎಲ್ಲ ಕಡೆ ‘ಆರಾಮ ಇದೆ’ ಮಾಡಿದೆ. ಕೇಳುವ ಕಾವಲಿಗೂ ಅದೇ ಮಾತನ್ನು ಕಾಯಲು ಹೇಳಿದೆ.

ಆದ್ದರಿಂದ ಸೋಮವಾರ ಆರೂ ಹತ್ತಕ್ಕೆ ತಾಯಣ್ಣ ಬಟನ್ ಒತ್ತಿದ ಕೂಡಲೇ ದೇವದುರ್ಗದ ಡಬ್ಬಿ ಎದ್ದು ಕೂತು, ರಾಯಚೂರು ಕೇಳಿದಾಗಲೆಲ್ಲ, ಹತ್ತು ಸೆಕೆಂಡಿಗೊಮ್ಮೆ, ಚೂರೂ ಬೇಸರವಿಲ್ಲದೆ ‘ಆರಾಮ ಅದ, ಆರಾಮ ಅದ’ ಎಂದು ಹೇಳುತ್ತಲೇ ಇತ್ತು. ರಾಯಚೂರಿನ ಕಾವಲು ‘ಇದೆ’ಗಾಗಿ ಕಾಯುತ್ತ, ದೇವದುರ್ಗ ಸತ್ತಿದೆ ಎಂದು ಬರೆದುಕೊಳ್ಳುತ್ತಿತ್ತು.

ಎರಡೂ ಮಾತು ನಡೆಯಲಿ ಎಂದು ಒಂದು ಸಾಲು ಸೇರಿಸಿದೆ. ಮೂವತ್ತು ಸೆಕೆಂಡು. ದೇವದುರ್ಗ ಹಸಿರಾಯಿತು. ವಿಶ್ವೇಶ ಸರ್‌ಗೆ ‘ಸರಿಯಾಯಿತು ಸರ್’ ಎಂದಷ್ಟೇ ಮೆಸೇಜು ಹಾಕಿ, ಯಾಕೆ ಎಂಬುದನ್ನು ಸಂಜೆ ಹೇಳೋಣ, ಇಲ್ಲವೇ ನಾಳೆ ಬರೆದು ಕಳಿಸೋಣ ಎಂದುಕೊಂಡು ಉಪ್ಪಿಟ್ಟಿನ ತಟ್ಟೆ ಹಿಡಿದೆ. ಎರಡನೆಯ ತುತ್ತಿಗೆ ತಾಯಣ್ಣನ ಫೋನು.

“ಮೇಡಂ, ಆ ಮೆಸೇಜ್ ಯಾಕ ಕಳ್ಸಿದ್ರಿ?”

“ಯಾವ ಮೆಸೇಜು?”

“‘ಇಂದು ನಿಮ್ಮ ಸರದಿ ರಾಯಚೂರು ಕೇಂದ್ರದಲ್ಲಿ’ ಅಂತ. ಆರೂವರಿಗೆ ನಾಕೂ ಮಂದಿಗೆ ಬಂದದ. ಮೂರು ಮಂದಿ ನಂಗ ಫೋನ್ ಮಾಡಿದ್ರು. ಅದಕ್ಕ ಹುಚ್ಚ ಹಿಡ್ದದ, ನೀವು ಇಲ್ಲೇ ಬರ್ರಿ ಅಂದೆ, ಬಂದಾರ. ಅರಕೇರಾದ ಬಸ್ಸಮ್ಮ ಬಂದಿಲ್ರಿ. ಆಕಿಗೆ ಗುರುವಾರ ಬಿಪಿ ಇಳೀತು ಅಂತ ಅರ್ಧಕ್ಕ ನಿಲ್ಸಿದ್ವಿ. ಇವತ್ತು ತಪ್ಪಿದ್ರ ಮೈಯಾಗಿನ ನೀರು ಎದಿಗೆ ಏರ್ತದ ಮೇಡಂ, ಹಗರ ಮಾತಲ್ಲ.”

ಬಸ್ಸಮ್ಮನನ್ನು ನಾನು ನೋಡಿರಲಿಲ್ಲ. ನನಗೆ ಗೊತ್ತಿದ್ದದ್ದು ಪಟ್ಟಿಯ ಒಂದು ಸಾಲು: ವಯಸ್ಸು ಅರವತ್ತೊಂದು, ವಾರಕ್ಕೆರಡು ಸಲ, ಸೋಮವಾರ ಗುರುವಾರ. ಆ ಸಾಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದವಳು ಸೊಸೆ, ಉಮಾಶ್ರೀ.

“ಅತ್ತಿ ಹೋದ್ಳಲ್ರಿ. ಆರೂ ಮುಕ್ಕಾಲಿನ ಬಸ್ಸಿಗೆ ಹತ್ಸೀನಿ. ನೇರ ರಾಯಚೂರು ಬಸ್ಸು.”

“ಅವರ ಹತ್ರ ಫೋನ್ ಅದೇನು?”

“ಮನಿಗೆ ಇದೊಂದಾ ಫೋನ್ರಿ. ನಾ ಹತ್ತಿ ಬಿಡ್ಸಾಕ ಬಂದೀನಿ, ಹೊಲ್ದಾಗ ಅದೀನಿ. ಯಾಕ್ರಿ? ನೀವೇ ಹೇಳೀರಲ್ಲ ರಾಯಚೂರಿಗೆ ಹೋಗು ಅಂತ? ಆಕಿ ಒಲ್ಲೆ ಅಂದ್ಳು, ದೂರ ಆಗ್ತದ ಅಂದ್ಳು. ನಾನಾ ಬೈದು ಕಳ್ಸೀನಿ.”

“ಏನಿಲ್ಲ ಅಕ್ಕ. ನಾ ನೋಡ್ಕೊತೀನಿ. ಎಂಥ ಸೀರಿ ಉಟ್ಟಾರ?”

“ಗಿಣಿ ಹಸಿರುದ್ರಿ. ಕೈಯಾಗ ಫೈಲ್ ಇರೋ ಚೀಲ ಅದ.”

ಸರದಿಯ ಪಟ್ಟಿ ತೆರೆದೆ. ರಾಯಚೂರಿನಲ್ಲಿ ಬಸ್ಸಮ್ಮನ ಹೆಸರಿರಲಿಲ್ಲ. ದೇವದುರ್ಗ ಹಸಿರಾದದ್ದೇ ತಡ, ಸರದಿಯ ಸರ್ವಿಸ್ ನಾಲ್ವರನ್ನೂ ಮರಳಿ ದೇವದುರ್ಗಕ್ಕೆ ಹಾಕಿಬಿಟ್ಟಿತ್ತು, ಅವರ ರಾಯಚೂರಿನ ಜಾಗಗಳನ್ನು ಬೇರೆಯವರಿಗೆ ಹಂಚಿತ್ತು. ಹೀಗೆಯೇ ಮಾಡಬೇಕೆಂದು ಬರೆದವಳೂ ನಾನೇ. ನಡುವೆ ಯಾರಾದರೂ ಬಸ್ಸಿನಲ್ಲಿ ಕೂತಿರಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ಇನ್ನು ಆಕೆಗೆ ದೇವದುರ್ಗದಲ್ಲಿ ಮಷೀನು ಕಾಯುತ್ತಿದೆ, ಆಕೆ ರಾಯಚೂರಿನ ದಾರಿಯಲ್ಲಿದ್ದಾಳೆ, ರಾಯಚೂರಿನಲ್ಲಿ ಆಕೆಗೆ ಏನೂ ಇಲ್ಲ.

ಸಂಜೆಯವರೆಗೆ ಕಾಯುವ ಮಾತೇ ಉಳಿಯಲಿಲ್ಲ. ವಿಶ್ವೇಶ ಸರ್‌ಗೆ ಫೋನ್ ಮಾಡಿದೆ. ಅವರು ‘ಹಲೋ’ ಎನ್ನುವ ಮೊದಲೇ, ನಿಲ್ಲಿಸಿದರೆ ಮತ್ತೆ ಬಾಯಿ ಬರಲಿಕ್ಕಿಲ್ಲ ಎಂಬ ಹೆದರಿಕೆಯಲ್ಲಿ, ಶನಿವಾರದಿಂದ ಉಪ್ಪಿಟ್ಟಿನವರೆಗೆ ಎಲ್ಲ ಒಂದೇ ಉಸಿರಿಗೆ ಹೇಳಿದೆ. ‘ಅದ’ ಯಾಕೆ ತೆಗೆದೆ ಎಂಬುದೊಂದನ್ನು ಬಿಟ್ಟು.



“ಬಸ್ಸು ಎಷ್ಟೊತ್ತಿಗೆ ಬರ್ತದ?” ಎಂದರು.

“ಒಂಬತ್ತರ ಸುಮಾರಿಗೆ ಸರ್.”

“ಹಂಗಾರ ಇನ್ನೂ ಯಾಕ ನಿಂತಿ? ಹೋಗು, ಮೊದ್ಲು ಆಕಿನ್ನ ಹುಡುಕು. ಉಳಿದದ್ದು ಆಮ್ಯಾಲೆ. ನಾ ಇಲ್ಲಿ ಮುಂಜಾನಿ ಸರದಿ ನೋಡಿ ಮಾನ್ವಿ ಬಿಡ್ತೀನಿ.”

ಚಪ್ಪಲಿ ಮೆಟ್ಟುವಾಗ ಅವ್ವ “ಯಾರದು ಫೋನು?” ಎಂದಳು. “ನಮ್ಮ ಸರ್” ಎಂದೆ. ಹೇಳಿದ ಮೇಲೆ ನನಗೇ ಅನುಮಾನವಾಯಿತು. ಆ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ಎಂಟೂವರೆಯಿಂದ ನಿಂತೆ. ಒಂಬತ್ತಕ್ಕೆ ಬರಲಿಲ್ಲ. ಒಂಬತ್ತೂ ಹತ್ತಕ್ಕೆ ಬಂದ ದೇವದುರ್ಗದ ಬಸ್ಸಿನಿಂದ ಕಾಲೇಜು ಹುಡುಗಿಯರು, ಮೆಣಸಿನಕಾಯಿ ಚೀಲದವರು ಇಳಿದರು. ಗಿಣಿ ಹಸಿರು ಇಳಿಯಲಿಲ್ಲ. ಕಂಡಕ್ಟರನ ಹತ್ತಿರ ಹೋಗಿ, ಅರಕೇರಾದಿಂದ ಬರುವ ಬಸ್ಸು ಯಾವುದೆಂದು ಕೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. “ಏನವ್ವ? ಜೋರ್ ಮಾತಾಡು!” ಎಂದ. ಮತ್ತೆ ಕೇಳಿದೆ.

“ಅದು ಬಂದು ಕಾಲು ತಾಸಾತು. ಆ ಕಡಿ ಗೇಟಿನಾಗ ನಿಲ್ತದ ಅದು.”

ಆ ಕಡೆ ಗೇಟಿಗೆ ಓಡಿದೆ. ಖಾಲಿ ಬಸ್ಸು ನಿಂತಿತ್ತು. ಡ್ರೈವರ್ ಇಲ್ಲ, ಯಾರೂ ಇಲ್ಲ. ಸುತ್ತ ನೂರಾರು ಜನ, ಹತ್ತಾರು ಹಸಿರು ಸೀರೆ. ನಾನು ಬದುಕಿನಲ್ಲಿ ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ಕೂಡ ಜೋರಾಗಿ ‘ಎಸ್ ಸರ್’ ಎಂದವಳಲ್ಲ. ಕಣ್ಣು ಮುಚ್ಚಿಕೊಂಡು ಕೂಗಿದೆ.

“ಬಸ್ಸಮ್ಮಾ! ಅರಕೇರಾ ಬಸ್ಸಮ್ಮಾ!”

ಹತ್ತು ತಲೆ ತಿರುಗಿದವು. ಬಾಳೆಹಣ್ಣಿನ ಗಾಡಿಯವನು, “ಬಸ್ಸೆಲ್ಲ ಇಲ್ಲೇ ಅದಾವ ತಂಗಿ, ಅವುಗಳ ಅಮ್ಮ ಮಾತ್ರ ಕಂಡಿಲ್ಲ” ಎಂದ. ಪಕ್ಕದವರು ನಕ್ಕರು. ನಾನು ಮತ್ತೆ ಕೂಗಿದೆ. ಇನ್ನೂ ಜೋರಾಗಿ. ನಗುವವರು ನಗಲಿ ಎಂದು ಕೂಡ ಅನ್ನಿಸಲಿಲ್ಲ. ಅವರು ಇದ್ದಾರೆಂಬುದೇ ಮರೆತಿತ್ತು.

“ದವಾಖಾನಿ ಅಜ್ಜೀನೇನ್ರಿ?” ಆಟೋದಿಂದ ಒಬ್ಬರು ಇಳಿದು ಬಂದರು. ಬಿಳಿ ಗಡ್ಡ, ಎದೆಯ ಮೇಲೆ ವಲಿ ಪಾಷಾ ಎಂಬ ಪಟ್ಟಿ. “ರಕ್ತ ತೊಳಿಯೋ ದವಾಖಾನಿ ಎಲ್ಲಿ ಅಂತ ಕೇಳ್ತಿದ್ಳು ಒಬ್ಬಾಕಿ. ಕುಂದ್ರಮ್ಮ, ಬಿಡ್ತೀನಿ ಅಂದೆ. ಸುಸ್ತಾಗ್ಯದ, ಜರಾ ಕೂತು ಬರ್ತೀನಿ ಅಂದ್ಳು. ಗಿಲ್ಲೆಸುಗೂರು ಬಸ್ ನಿಲ್ತದಲ್ಲ, ಆ ಕಟ್ಟಿ ಮ್ಯಾಲೆ ನೋಡ್ರಿ.”

ಕಟ್ಟೆಯ ಮೇಲೆ, ಗಿಲ್ಲೆಸುಗೂರಿನ ಬಸ್ಸಿಗೆ ಕಾದವರ ನಡುವೆ, ಆಕೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಕ್ಕೆ ಬಾಗಿ ಕೂತಿದ್ದಳು. ಪಾದಗಳು ಊದಿ ಚಪ್ಪಲಿಯ ಪಟ್ಟಿ ಒಳಗೆ ಹೂತಿತ್ತು. ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತೆ.

“ಬಸ್ಸಮ್ಮಾರ?”

“ಹೂಂ... ಯವ್ವಾ.”

“ಹೆಂಗ ಅದೀರಿ?”

“ಆರಾಮ...” ಎಂದಳು. ಉಸಿರೆಳೆದುಕೊಂಡಳು. “ಆರಾಮ... ಅದೀನಿ.”

ಎರಡು ಮಾತಿಗೆ ಮೂರು ಉಸಿರು. ಅಷ್ಟು ಸಾಕಾಯಿತು. ವಲಿ ಪಾಷಾ ಒಂದು ಕಡೆ, ನಾನೊಂದು ಕಡೆ ಹಿಡಿದು ಆಟೋದಲ್ಲಿ ಕೂರಿಸಿದೆವು. ಡಯಾಲಿಸಿಸ್ ಸೂಜಿ ಹಾಕಲೆಂದು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ ಎಡಗೈಯನ್ನು ಆಕೆ ತಾನೇ ಎತ್ತಿ ಎದೆಗಿಟ್ಟುಕೊಂಡಳು, ಯಾರಿಗೂ ಮುಟ್ಟಗೊಡಲಿಲ್ಲ.

ಕೇಂದ್ರದಲ್ಲಿ ಸಿಸ್ಟರ್ ಅನ್ವರಿ ಬೇಗಂ ಬಾಗಿಲಲ್ಲೇ ಇದ್ದರು. ಹದಿನೆಂಟು ವರ್ಷದಿಂದ ಇದೇ ಕೆಲಸ. ಬಸ್ಸಮ್ಮನ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಗುಂಡಿ ಹಾಗೆಯೇ ಉಳಿಯಿತು. ಆಮ್ಲಜನಕದ ನಳಿಗೆ ಹಚ್ಚಿ, ಡ್ಯೂಟಿ ಡಾಕ್ಟರಿಗೆ ಹೇಳಿ ಕಳಿಸಿ, ನನ್ನ ಕಡೆ ತಿರುಗಿದರು.

“ಸ್ಕ್ರೀನಿನಾಗ ಹೆಸರಿಲ್ಲ ಬೇಟಾ. ದೇವದುರ್ಗ ಅಂತ ತೋರ್ಸಾಕತ್ತದ. ಆರೂ ಮಷೀನ್ ಫುಲ್. ಹತ್ತಕ್ಕ ಖಾಲಿ ಆಗ್ತಾವ, ಮುಂದಿನ ಆರು ಮಂದಿ ಬಂದು ಕುಂತಾರ. ಹೆಸರಿಲ್ದ ಮಷೀನ್ ಚಾಲೂ ಆಗಂಗಿಲ್ಲ, ನಿಂಗ ಮಾಲೂಮ್ ಅದ. ನೀವಾ ಮಾಡೀರಿ ಆ ಕಾನೂನು.”

ಕಾಯುವ ಬೆಂಚಿನ ಮೇಲೆ ಆರು ಜನ ಕೂತಿದ್ದರು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಕೂಗಿದ ಗಂಟಲು ಇನ್ನೂ ತೆರೆದೇ ಇತ್ತೇನೋ.

“ತಪ್ಪು ನಂದು,” ಎಂದೆ. “ಇವರ ಮಷೀನ್ ದೇವದುರ್ಗದಾಗ ತಯಾರ್ ಇತ್ತು. ನಾ ಕಂಪ್ಯೂಟರಿನಾಗ ತಪ್ಪು ಬರ್ದು ಇವರನ್ನ ಇಲ್ಲಿಗೆ ಓಡ್ಯಾಡ್ಸೀನಿ. ಗುರುವಾರ ಅರ್ಧಾನೇ ಆಗ್ಯದ ಇವರಿಗೆ. ಯಾರಾದ್ರೂ ಒಬ್ರು ಮಧ್ಯಾಹ್ನಕ್ಕ ಕುಂತ್ರ... ನಾ ಹೆಸರು ಬದ್ಲಿ ಮಾಡ್ತೀನಿ. ಕೈ ಮುಗಿತೀನ್ರಿ.”

ಬಿಟ್ಟುಕೊಡಲು ಇದೇನೂ ಬಸ್ಸಿನ ಸೀಟಲ್ಲ. ಅವರೂ ಊದಿದ ಕಾಲುಗಳವರೇ. ತುದಿಯಲ್ಲಿ ಕೂತಿದ್ದ, ಹೆಗಲ ಮೇಲೆ ಟವೆಲಿನವರು ಕೆಮ್ಮಿದರು.

“ನಂದು ಶನಿವಾರ ಪೂರಾ ಆಗ್ಯದ. ನಾ ಮೂರಕ್ಕ ಕುಂದರ್ತೀನಿ ತಗೋ.”

“ಸೂಗಪ್ಪ, ನಿಂಗ ತಕ್ಲೀಫ್ ಆಗಂಗಿಲ್ಲೇನು?” ಎಂದರು ಅನ್ವರಿ ಬೇಗಂ.

“ಏನ್ ತಕ್ಲೀಫು? ಗಿಲ್ಲೆಸುಗೂರಿಗೆ ರಾತ್ರಿತನಕ ಬಸ್ ಅದಾವ. ಹೆಂಗೂ ನೀ ಮುಂಜಾನಿ ಕುಂದ್ರಿಸಿದ್ರ ನಿದ್ದಿ ಹತ್ತಂಗಿಲ್ಲ, ಆ ಟಿವಿ ಹಚ್ತಿ. ಮಧ್ಯಾಹ್ನ ಆದ್ರ ಆರಾಮ ಮಲ್ಕೊಂತೀನಿ.” ನನ್ನ ಕಡೆ ನೋಡಿ, “ನನ್ನ ಹೆಸರು ಮಾತ್ರ ಗಾಯಬ್ ಮಾಡಬ್ಯಾಡ ಮತ್ತ,” ಎಂದರು. ಆಗ ಬೆಂಚು ಪೂರಾ ನಕ್ಕಿತು.

ನೆಲದ ಮೇಲೆಯೇ ಕೂತು ಲ್ಯಾಪ್‌ಟಾಪ್ ತೆರೆದು ಎರಡು ಹೆಸರು ಬದಲಿಸಿದೆ. ಮೂರು ಸಲ ಓದಿ ನೋಡಿದೆ. ಹತ್ತೂ ಮೂವತ್ತೈದಕ್ಕೆ ಮೂರನೆಯ ಮಷೀನಿನ ಮೇಲೆ ‘ಬಸ್ಸಮ್ಮ, ಅರಕೇರಾ’ ಎಂದು ಮೂಡಿತು. ಅನ್ವರಿ ಬೇಗಂ ಸೂಜಿ ಹಾಕಿದರು. ಕೊಳವೆ ಕೆಂಪಾಗುತ್ತ ಹೋಗಿ ಮಷೀನಿನ ಗಾಲಿ ಮೆಲ್ಲಗೆ ತಿರುಗಲು ಶುರುವಾದಾಗ ಸೂಗಪ್ಪ ಪಕ್ಕಕ್ಕೆ ಸರಿದು ಬೆಂಚಿನಲ್ಲಿ ನನಗೆ ಜಾಗ ಮಾಡಿದರು.

ವಿಶ್ವೇಶ ಸರ್ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಬಂದರು, ಡಾಕ್ಟರು ಅವರ ಹಿಂದೆಯೇ. ನಾನು ಗೋಡೆಗೆ ಒತ್ತಿ ನಿಂತೆ. ಪರದೆಯಲ್ಲಿ ಮೂರೂ ಊರು ಹಸಿರು. ಮಾನ್ವಿ: ಆರಾಮ ಇದೆ. ದೇವದುರ್ಗ: ಆರಾಮ ಅದ. ಬದಲಿಸಲು ನನಗೆ ವೇಳೆ ಎಲ್ಲಿತ್ತು? ಡಾಕ್ಟರು ಓದಿದರು, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು, “ದೇವದುರ್ಗದ ಮಂದಿ ಖರೇನ ಹಿಂಗಾ ಮಾತಾಡ್ತಾರ” ಎಂದು ಮುಂದೆ ಹೋದರು. ಬೆಳಗಿನ ಕಥೆಯನ್ನು ವಿಶ್ವೇಶ ಸರ್ ಮುಚ್ಚಿಡಲಿಲ್ಲ. ನಮ್ಮ ಕಡೆಯಿಂದ ತಪ್ಪಾಗಿದೆ, ಒಬ್ಬ ರೋಗಿಗೆ ತೊಂದರೆಯಾಗಿದೆ, ಅವರು ಈಗ ಮೂರನೆಯ ಮಷೀನಿನಲ್ಲಿದ್ದಾರೆ ಎಂದು ಅದೇ ಪತ್ರದ ಕನ್ನಡದಲ್ಲಿ ಹೇಳಿದರು. ‘ನಮ್ಮ ಕಡೆಯಿಂದ’ ಎಂದರು. ಡಾಕ್ಟರು ಮೂರನೆಯ ಮಷೀನಿನ ಬಳಿ ಹತ್ತು ನಿಮಿಷ ನಿಂತು, ಎದೆಗೆ ಸ್ಟೆಥಾಸ್ಕೋಪ್ ಹಚ್ಚಿ ನೋಡಿ, ಸರಿಹೋಗುತ್ತದೆ ಎಂದರು.

ಅವರು ಹೋದ ಮೇಲೆ ಸರ್ ಬಂದು ನನ್ನ ಎದುರು ಸ್ಟೂಲ್ ಎಳೆದುಕೊಂಡು ಕೂತರು.

“ಒಂದು ಕೇಳ್ಬೇಕಾಗಿತ್ತು. ನಡ್ಯಾಕತ್ತಿದ್ದ ‘ಅದ’ ಯಾಕ ತೆಗ್ದಿ?”

ನಾನು ಉಗುರು ನೋಡಿಕೊಂಡೆ. “ನೀವು... ಏನಂದ್ಕೊಂತೀರೋ ಅಂತ ಸರ್. ನಿಮ್ಮ ಕನ್ನಡ ಹಂಗಿಲ್ಲ.”

“ನನ್ನ ಕನ್ನಡ!” ಅವರು ಜೋರಾಗಿ ನಕ್ಕರು. ಅನ್ವರಿ ಬೇಗಂ ಬಾಯಿಗೆ ಬೆರಳಿಟ್ಟು ಸುಮ್ಮನಿರಿಸಿದರು. ಸರ್ ದನಿ ತಗ್ಗಿಸಿದರು. “ನಮ್ಮ ಅವ್ವ ಮಡಿಯೊಳಗ ಕುಂತು ದೇವರ ಮುಂದನೂ ‘ನೈವೇದ್ಯ ತಯಾರ್ ಅದ’ ಅಂತಾಳ, ಸಂಘಮಿತ್ರಾ. ಮಾನ್ವ್ಯಾಗ ಯಾರ ಮನ್ಯಾಗ ‘ಇದೆ’ ಅಂತಾರ ಹೇಳು? ಬೆಂಗಳೂರಾಗ ಆರು ವರ್ಷ ಇದ್ದೆ. ಅಲ್ಲಿ ನಾ ಬಾಯಿ ತೆಗೆದ್ರ ನಗ್ತಿದ್ರು. ಹಂಗಾಗಿ ಈ ಪುಸ್ತಕದ ಮಾತು ಕಲ್ತೆ. ಇನ್ನೂ ಫೋನ್ ಹಿಡಿದ ಕೂಡ್ಲೆ ಅದಾ ಬರ್ತದ, ಏನ್ ಮಾಡ್ಲಿ.”

ಎಂಟು ತಿಂಗಳು ನಾವಿಬ್ಬರೂ ಒಬ್ಬರಿಗೊಬ್ಬರು ಹೆದರಿ ಪುಸ್ತಕ ಓದುತ್ತ ಕೂತಿದ್ದೆವು. ನಗು ಬಂತು. ನಕ್ಕೆ.

ಆಮೇಲೆ ಇಬ್ಬರೂ ಅಲ್ಲಿಯೇ ಕೂತು ನಿಯಮ ತಿದ್ದಿದೆವು. ಕಾವಲು ಇನ್ನು ಮಾತನ್ನು ಕಾಯುವುದಿಲ್ಲ. ಆಯಾ ಕೇಂದ್ರಕ್ಕೆ ಕೊಟ್ಟ ಒಂದು ಸಂಖ್ಯೆಯನ್ನು, ಜೊತೆಗೆ ಎಷ್ಟು ಮಷೀನು ಉತ್ತರಿಸುತ್ತಿವೆ ಎಂಬುದನ್ನು ಕೇಳುತ್ತದೆ. ಪರದೆಯ ಮೇಲಿನ ಮಾತು ಬರೀ ನೋಡುವವರಿಗೆ. ಊರೊಂದು ಕೆಂಪಾದರೂ ಅಲ್ಲಿಯವರಿಗೆ ಫೋನ್ ಮಾಡಿ ಕೇಳದೆ ಯಾರಿಗೂ ಮೆಸೇಜು ಹೋಗುವಂತಿಲ್ಲ. ಒಮ್ಮೆ ಮೆಸೇಜು ಹೋದರೆ, ಊರು ಮತ್ತೆ ಹಸಿರಾದರೂ, ಹೊರಟವರ ಜಾಗ ಆ ದಿನ ಅವರದೇ. ಕೊನೆಯದನ್ನು ನಾನು ಹೇಳಿದೆ, ಸರ್ ಬರೆದರು. ತಾಯಣ್ಣನಿಗೆ ಫೋನಿನಲ್ಲಿ ಓದಿ ಹೇಳಿದಾಗ, “ಅಂದ್ರ ಇನ್ನ ನಾ ಸತ್ತೀನೋ ಇಲ್ಲೋ ಅಂತ ನನ್ನಾ ಕೇಳ್ತೀರಿ. ಚಲೋ ಆತು,” ಎಂದ.

ಎರಡೂವರೆಗೆ ಬಸ್ಸಮ್ಮನ ಸೂಜಿ ತೆಗೆದರು. ಎರಡು ಕಿಲೋ ಎಂಟು ನೂರು ಗ್ರಾಂ ನೀರು ಇಳಿದಿತ್ತು. ಮೂರನೆಯ ಮಷೀನು ತೊಳೆಯುವುದನ್ನು ಕಾಯುತ್ತ ಸೂಗಪ್ಪ ಟವೆಲ್ ಕೊಡವಿದರು. ಅನ್ವರಿ ಬೇಗಂ ಬಸ್ಸಮ್ಮನಿಗೆ ಅರ್ಧ ಕಪ್ ಚಹಾ ಕೊಟ್ಟರು, ಅದಕ್ಕಿಂತ ಹನಿ ಹೆಚ್ಚಿಲ್ಲ. ನಾನು ಉಮಾಶ್ರೀಗೆ ಫೋನ್ ಹಚ್ಚಿ ಕೊಟ್ಟೆ.

“ಏನಾಗಿಲ್ಲ ಬಿಡ್ಲೇ. ರಾಯಚೂರು ನೋಡ್ಕೊಂಡು ಬರಾಕತ್ತೀನಿ,” ಎಂದಳು ಬಸ್ಸಮ್ಮ. “ಒಂದ್ ಹುಡುಗಿ ಬಸ್‌ಸ್ಟ್ಯಾಂಡಿನಾಗ ನನ್ನ ಹೆಸರು ಹಿಡ್ದು ಒದರ್ತಿತ್ತು. ಯಾರ್ದೋ ಎಮ್ಮಿ ತಪ್ಪಿಸ್ಕೊಂಡದ ಅಂತ ಮಾಡಿದ್ದೆ.”

ವಲಿ ಪಾಷಾ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಆಟೋದಲ್ಲಿ ಆಕೆ ನನ್ನ ಕೆಲಸ ಏನು ಎಂದು ಕೇಳಿದಳು. ಊರೂರಿನ ಕಂಪ್ಯೂಟರುಗಳನ್ನು ಹತ್ತು ಸೆಕೆಂಡಿಗೊಮ್ಮೆ ಆರಾಮ ಅದೀರೇನು ಎಂದು ಕೇಳುವುದು ಎಂದೆ.

“ಹತ್ತು ಸೆಕೆಂಡಿಗೊಮ್ಮೆ? ಅವುಕ್ಕ ಬ್ಯಾಸ್ರ ಆಗಂಗಿಲ್ಲೇನು? ನನ್ನ ಸೊಸಿ ದಿನಕ್ಕ ಎಲ್ಡು ಸಲ ಕೇಳಿದ್ರ ನಂಗ ಸಿಟ್ಟು ಬರ್ತದ.”

ಅರಕೇರಾದ ಬಸ್ಸು ಆ ಕಡೆ ಗೇಟಿನಲ್ಲಿ ನಿಂತಿತ್ತು. ಬೆಳಿಗ್ಗೆ ಹಿಡಿದ ಹಾಗೆ ಹಿಡಿಯಲು ನಾನು ಕೈ ಚಾಚಿದೆ. ಆಕೆ ಚೀಲವನ್ನು ನನ್ನ ಕೈಗೆ ಕೊಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು, ಮೂರೂ ಮೆಟ್ಟಿಲನ್ನು ನಿಲ್ಲದೆ ಹತ್ತಿಹೋದಳು. ಕಿಟಕಿಯ ಪಕ್ಕ ಕೂತು ಚೀಲಕ್ಕೆ ಕೈ ನೀಡಿ, ಒಂದೇ ಉಸಿರಿಗೆ ಬೈದಳು:

“ಏನ್ ಹಂಗ ನೋಡ್ಕೊಂತ ನಿಂತಿ? ಮುಂಜಾನಿಂದ ಹೊಟ್ಟಿಗೆ ಏನರ ಹಾಕೀಯೇನು ಇಲ್ಲೋ, ಮಾರಿ ಹೆಂಗ ಬಾಡ್ಯದ ನೋಡು, ನಡಿ ಮನಿಗೆ, ನಿಮ್ಮವ್ವ ಕಾಯ್ತಿರ್ತಾಳ!”

ನಾನು ಎಣಿಸುತ್ತಿದ್ದೆ. ಅಷ್ಟು ಉದ್ದದ ಮಾತಿನಲ್ಲಿ ಆಕೆ ಒಮ್ಮೆಯೂ ಉಸಿರಿಗಾಗಿ ನಿಲ್ಲಲಿಲ್ಲ.